ನಾಯಿ, ಬೆಕ್ಕಿನ ಜೊತೆ ವಿದೇಶಕ್ಕೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಸಮಗ್ರ ಮಾರ್ಗದರ್ಶಿ

ಹೊರದೇಶದಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಟಿಕೆಟ್ ಬುಕ್ ಮಾಡುವುದು. ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದು ಅದನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದರೆ ಟಿಕೆಟ್ ಕಟ್ಟಕಡೆಗೆ. ಪ್ರಯಾಣದ ದಿನವನ್ನು ನಿರ್ಧರಿಸುವುದು ಕಂಪನಿಯವರು ಕೊಟ್ಟ ತಾರೀಖು ಅಲ್ಲ, ರೇಬೀಸ್ ಪರೀಕ್ಷೆಗೆ ನಿಮ್ಮ ನಾಯಿಯ ರಕ್ತ ತೆಗೆದ ತಾರೀಖು. ಹೆಚ್ಚಿನ ದೇಶಗಳ ನಿಯಮ ಆ ಒಂದು ದಿನದಿಂದ ಲೆಕ್ಕ ಶುರು ಮಾಡುತ್ತದೆ. ಅದು ತಪ್ಪಿದರೆ ಯಾರ ಶಿಫಾರಸೂ ನಡೆಯುವುದಿಲ್ಲ, ಎಷ್ಟು ದುಡ್ಡು ಸುರಿದರೂ ತಿಂಗಳು ಹಿಂದಕ್ಕೆ ಬರುವುದಿಲ್ಲ.

ಈ ನಿಯಮಗಳ ಬಗ್ಗೆ ಸಿಗುವ ಮಾಹಿತಿಯೆಲ್ಲ ದೊಡ್ಡ ನಗರದವರಿಗೆ ಬರೆದದ್ದು. ಪಕ್ಕದ ಬೀದಿಯಲ್ಲೇ ಕ್ಲಿನಿಕ್, ಅರ್ಧ ಗಂಟೆಯಲ್ಲಿ ವಿಮಾನ ನಿಲ್ದಾಣ ಇರುವವರ ಕತೆ ಬೇರೆ. ಸಿಂಧನೂರಿನಿಂದ, ಸಂಡೂರಿನಿಂದ, ಗಂಗಾವತಿಯಿಂದ ಹೊರಡುವವರಿಗೆ ಬಿಸಿಲು, ದೂರ, ನಾಯಿಯ ಮೈಯಲ್ಲಿ ಹಾಕುವ ಗುರುತಿನ ಚಿಪ್ ಓದುವ ಯಂತ್ರ ಎಲ್ಲಿ ಸಿಗುತ್ತದೆ ಅನ್ನುವ ತಲೆನೋವು ಎಲ್ಲ ಸೇರಿಕೊಳ್ಳುತ್ತವೆ. ಅದಕ್ಕೇ ಇದನ್ನು ನಮ್ಮ ಕಡೆಯವರ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ್ದು: ಕರೆದುಕೊಂಡು ಹೋಗಲೇಬೇಕಾ?

ಬೇಜಾರಾಗಬೇಡಿ. ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ನೀವು ಹೋಗುತ್ತಿರುವುದು ವರ್ಷ, ಒಂದೂವರೆ ವರ್ಷದ ಪ್ರಾಜೆಕ್ಟಿಗೆ ಆದರೆ ನನ್ನ ಅಭಿಪ್ರಾಯದಲ್ಲಿ ಬೇಡ. ಊರಲ್ಲಿ ಅಪ್ಪ ಅಮ್ಮನೋ ಅಕ್ಕನ ಮನೆಯವರೋ ನೋಡಿಕೊಳ್ಳುವಂತಿದ್ದರೆ ಅಲ್ಲೇ ಬಿಡಿ. ವಾಪಸ್ ಕರೆತರುವಾಗ ಭಾರತದ ನಿಯಮವೇ ಅಡ್ಡ ಬರಬಹುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ವಯಸ್ಸಾದ ನಾಯಿ, ಹೃದಯದ ತೊಂದರೆ ಇರುವ ನಾಯಿ ಇದ್ದರೆ ಡಾಕ್ಟರ ಮಾತೇ ಕೊನೆ ಮಾತು. ಪಗ್, ಬುಲ್‌ಡಾಗ್, ಶಿಟ್ಜು, ಬಾಕ್ಸರ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನ ತಳಿಗಳಿಗೆ ಉಸಿರಾಟದ ದಾರಿಯೇ ಕಿರಿದು. ಗಾಬರಿಯಾದಾಗ, ಸೆಕೆಯಾದಾಗ ಏದುಸಿರು ಬಿಟ್ಟು ಮೈ ತಣ್ಣಗೆ ಮಾಡಿಕೊಳ್ಳಲು ಅವಕ್ಕೆ ಆಗುವುದಿಲ್ಲ. ಹಾಗಾಗಿ ಬಹಳಷ್ಟು ವಿಮಾನ ಕಂಪನಿಗಳು ಇವನ್ನು ಒಯ್ಯುವುದೇ ಇಲ್ಲ, ಒಯ್ದರೂ ಬೇಸಿಗೆಯಲ್ಲಿ ಬೇಡ ಅನ್ನುತ್ತವೆ.

ಇನ್ನೊಂದು ಮಾತು. ನಮ್ಮ ಕಡೆ ಪಂಜರದಲ್ಲಿ ಗಿಳಿ, ನೀರಿನ ತೊಟ್ಟಿಯ ಪಕ್ಕ ನಕ್ಷತ್ರ ಆಮೆ ಸಾಕುವ ಮನೆಗಳಿವೆ. ಕೆಂಪು ಕೊರಳಪಟ್ಟಿಯ ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಬರುತ್ತವೆ. ಸಾಕುವುದೇ ಅಪರಾಧ. ಹೀಗಿರುವಾಗ ವಿಮಾನದಲ್ಲಿ ಒಯ್ಯುವ ಮಾತೇ ಇಲ್ಲ. ಈ ಬರಹ ನಾಯಿ, ಬೆಕ್ಕಿಗೆ ಮಾತ್ರ.

ಚಿಪ್, ಲಸಿಕೆ, ರಕ್ತ: ಇದೇ ಕ್ರಮ, ಹಿಂದೆ ಮುಂದೆ ಆಗಬಾರದು

ಇಡೀ ಕೆಲಸದ ಜೀವಾಳ ಇಲ್ಲಿದೆ. ನಿಧಾನವಾಗಿ ಓದಿ.

ಮೈಕ್ರೋಚಿಪ್ ಅಂದರೆ ಅಕ್ಕಿ ಕಾಳಿನಷ್ಟು ಸಣ್ಣದು. ಭುಜದ ಹತ್ತಿರ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಬರೀ 15 ಅಂಕಿಯ ಒಂದು ನಂಬರ್. ಸ್ಕ್ಯಾನರ್ ಹಿಡಿದರೆ ಆ ನಂಬರ್ ತೋರಿಸುತ್ತದೆ, ಅಷ್ಟೇ. ಕೇಳಿ ಹಾಕಿಸಬೇಕಾದ್ದು ಐಎಸ್‌ಒ 11784 ಮತ್ತು 11785 ಮಾನದಂಡದ ಚಿಪ್. ಬೇರೆ ಥರದ್ದು ಹಾಕಿಸಿದರೆ ಆ ದೇಶದ ಸ್ಕ್ಯಾನರ್ ಓದದೇ ಇರಬಹುದು. ಹಾಕಿದ ಕೂಡಲೇ ಸ್ಕ್ಯಾನ್ ಮಾಡಿ ತೋರಿಸಿ ಅನ್ನಿ. ಚಿಪ್ ಜೊತೆ ಬರುವ ಬಾರ್‌ಕೋಡ್ ಸ್ಟಿಕ್ಕರ್‌ಗಳನ್ನು ಬಿಸಾಡಬೇಡಿ, ಒಂದೊಂದೂ ಮುಂದೆ ಕೆಲಸಕ್ಕೆ ಬರುತ್ತದೆ.

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದಿನವಿಡೀ ಎಮ್ಮೆ, ಎತ್ತು, ಕುರಿಗಳದ್ದೇ ಕೆಲಸ. ಚಿಪ್, ಸ್ಕ್ಯಾನರ್ ಕೈಗೆ ಸಿಗುವಂತೆ ಇಟ್ಟಿರುತ್ತಾರೆ ಅಂತ ಅಂದುಕೊಂಡು ಹೋಗಬೇಡಿ. ಮೊದಲೇ ಫೋನ್ ಮಾಡಿ ವಿಚಾರಿಸಿ. ಸಿಗದಿದ್ದರೆ ಈ ಒಂದು ಕೆಲಸಕ್ಕೆ ಹೈದರಾಬಾದಿಗೋ ಬೆಂಗಳೂರಿಗೋ ಒಂದು ಸಲ ಹೋಗಿಬರುವುದು ವಾಸಿ.

ಚಿಪ್ ಹಾಕಿದ ಮೇಲೆಯೇ ರೇಬೀಸ್ ಲಸಿಕೆ. ಅದೇ ದಿನ ಹಾಕಿದರೂ ನಡೆಯುತ್ತದೆ, ಆದರೆ ಚಿಪ್ ಮೊದಲು. ಇಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. 'ನಮ್ಮ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಿದ್ದೀವಿ, ಕಾರ್ಡ್ ಇದೆ' ಅನ್ನುತ್ತಾರೆ. ಸರಿ, ಆದರೆ ಆ ಲಸಿಕೆಗಳೆಲ್ಲ ಚಿಪ್ ಇಲ್ಲದ ನಾಯಿಗೆ ಹಾಕಿದ್ದು. ಆ ಕಾರ್ಡಿನಲ್ಲಿರುವ ನಾಯಿ ಇದೇ ಅಂತ ಹೇಳುವುದಕ್ಕೆ ಏನು ಗುರುತು? ಹಾಗಾಗಿ ಯುರೋಪ್, ಬ್ರಿಟನ್, ಅಮೆರಿಕ ಯಾವುದೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಪ್ ಹಾಕಿಸಿ ಮತ್ತೆ ಲಸಿಕೆ ಹಾಕಿಸಲೇಬೇಕು. ಮರಿಯಾದರೆ ಲಸಿಕೆಯ ಹೊತ್ತಿಗೆ ಕನಿಷ್ಠ 12 ವಾರ ತುಂಬಿರಬೇಕು.

ಆಮೇಲೆ ರಕ್ತ ಪರೀಕ್ಷೆ. ಲಸಿಕೆ ಹಾಕಿಸಿದ್ದು ಸಾಕಾಗುವುದಿಲ್ಲ, ಅದು ಕೆಲಸ ಮಾಡಿದೆ ಅಂತ ತೋರಿಸಬೇಕು. ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯ ಒಂದು ಮಿಲಿಲೀಟರಿಗೆ 0.5 ಐಯು (ಅದನ್ನು ಅಳೆಯುವ ಅಂತರರಾಷ್ಟ್ರೀಯ ಮಾನ) ಅಥವಾ ಜಾಸ್ತಿ ಇರಬೇಕು. ಇದಕ್ಕೆ ಟೈಟರ್ ಟೆಸ್ಟ್ ಅನ್ನುತ್ತಾರೆ. ಭಾರತದಲ್ಲಿ ರೇಬೀಸ್ ಇನ್ನೂ ಇದೆ. ಹಾಗಾಗಿ ನಮ್ಮಿಂದ ಹೋಗುವ ಪ್ರಾಣಿಗಳಿಗೆ ಈ ಪರೀಕ್ಷೆಯನ್ನು ಕೇಳುವ ದೇಶಗಳು ಬಹಳ. ಲಸಿಕೆ ಹಾಕಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆಸಬೇಕು. 29ನೇ ದಿನಕ್ಕೆ ತೆಗೆದರೆ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ. ಮೊದಲ ಲಸಿಕೆಯಲ್ಲಿ ಕೆಲವು ನಾಯಿಗಳಿಗೆ 0.5 ಮುಟ್ಟುವುದಿಲ್ಲ. ಅದಕ್ಕೆ ಕೆಲವು ಡಾಕ್ಟರುಗಳು ಮೂರು ನಾಲ್ಕು ವಾರದಲ್ಲಿ ಇನ್ನೊಂದು ಡೋಸ್ ಕೊಟ್ಟು, ಆಮೇಲೆ ರಕ್ತ ತೆಗೆಯುತ್ತಾರೆ. ಸಮಯ ಇದ್ದರೆ ಈ ದಾರಿಯೇ ಸರಿ.

ನೀವು ಹೋಗುವ ದೇಶ ಒಪ್ಪಿದ ಪ್ರಯೋಗಾಲಯದಲ್ಲೇ ಪರೀಕ್ಷೆ ಆಗಬೇಕು. ಯುರೋಪಿನ ಪಟ್ಟಿ ಬೇರೆ, ಅಮೆರಿಕದ ಪಟ್ಟಿ ಬೇರೆ. ಸ್ಯಾಂಪಲ್ ಕಳಿಸುವ ದಿನ ಆ ಪಟ್ಟಿ ತೆರೆದು ನೋಡಿ. ಕಳಿಸುವುದು ರಕ್ತವನ್ನಲ್ಲ, ಅದರಿಂದ ಬೇರ್ಪಡಿಸಿದ ತಿಳಿ ದ್ರವ, ಅಂದರೆ ಸೀರಂ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ರಕ್ತದ ಟ್ಯೂಬನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟುಕೊಂಡು ಹೊರಟರೆ ದಾರಿಯಲ್ಲೇ ಕೆಡುತ್ತದೆ. ರಕ್ತ ತೆಗೆದ ಕಡೆಯೇ ಸೀರಂ ಬೇರ್ಪಡಿಸಿ, ಐಸ್ ಪ್ಯಾಕಿನಲ್ಲಿಟ್ಟು, ಟ್ಯೂಬಿನ ಮೇಲೆ ಚಿಪ್ ನಂಬರ್ ಬರೆಸಿ ಕಳಿಸುವ ವ್ಯವಸ್ಥೆ ಇರಬೇಕು. ಆ ಅನುಕೂಲ ಊರಲ್ಲಿ ಇಲ್ಲ ಅಂದರೆ ನಾಯಿಯನ್ನೇ ನಗರಕ್ಕೆ ಕರೆದೊಯ್ದು ಅಲ್ಲೇ ರಕ್ತ ತೆಗೆಸಿ.

ಆ ಲಸಿಕೆ ಕಾರ್ಡನ್ನು ಒಂದು ಸಲ ಬಿಚ್ಚಿ ನೋಡಿ

ಈಗಲೇ ಎದ್ದು ಕಾರ್ಡ್ ತೆಗೆಯಿರಿ. ಹೆಚ್ಚಿನ ಮನೆಗಳ ಕಾರ್ಡು ಹೇಗಿರುತ್ತದೆ ಗೊತ್ತಾ? ನಾಯಿಯ ಹೆಸರು 'ರಾಜ', ತಳಿಯ ಜಾಗದಲ್ಲಿ ಏನೂ ಇಲ್ಲ, ಲಸಿಕೆ ಸ್ಟಿಕ್ಕರಿನ ಅರ್ಧ ಕಿತ್ತುಹೋಗಿದೆ, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಒಂದು ಗೀಚು ಸಹಿ, ತಾರೀಖು 3/4 ಅಂತ. ಅದು ಏಪ್ರಿಲ್ 3ನೇ ತಾರೀಖಾ, ಮಾರ್ಚ್ 4ನೇ ತಾರೀಖಾ? ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ.

ಕಾರ್ಡಿನಲ್ಲಿ ಇಷ್ಟು ಇರಬೇಕು: ಚಿಪ್ಪಿನ ಪೂರ್ತಿ 15 ಅಂಕಿ, ಚಿಪ್ ಹಾಕಿದ ದಿನ, ಮೈಯ ಯಾವ ಭಾಗ, ಲಸಿಕೆಯ ಹೆಸರು, ಕಂಪನಿ, ಬ್ಯಾಚ್ ನಂಬರ್, ಹಾಕಿದ ದಿನ, ಎಲ್ಲಿಯವರೆಗೆ ಮಾನ್ಯ, ಡಾಕ್ಟರ ಸಹಿ, ಸೀಲು, ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ. ತಾರೀಖಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸಿ. ಬರವಣಿಗೆ ಇಂಗ್ಲಿಷಿನಲ್ಲಿರಲಿ. ಮಾಲೀಕರ ಹೆಸರು ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ನಮ್ಮಲ್ಲಿ ಊರ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಒಂದೊಂದು ಕಾಗದದಲ್ಲಿ ಒಂದೊಂದು ಥರ ಕೂತಿರುತ್ತವೆ ಅಲ್ವಾ, ಆ ಗೊಂದಲ ನಾಯಿಯ ಕಾಗದಕ್ಕೂ ಬರುವುದು ಬೇಡ.

ಡಾಕ್ಟರಿಗೆ ಇದನ್ನು ಕೇಳಲು ಸಂಕೋಚ ಬೇಡ. 'ಡಾಕ್ಟ್ರೇ, ಪರದೇಶಕ್ಕೆ ಹೋಗೋ ಕಾಗದ ರೀ, ಒಂದಕ್ಷರ ತಪ್ಪಿದ್ರೂ ವಾಪಸ್ ಕಳಸ್ತಾರಂತ, ಸ್ವಲ್ಪ ಬಿಡಿಸಿ ಬರೀರಿ' ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ತಳಿಯ ವಿಷಯಕ್ಕೂ ಗಮನ ಕೊಡಿ. ಬೀದಿಯಲ್ಲಿ ಸಿಕ್ಕ ಮರಿಯನ್ನು ಸಾಕಿದ್ದರೆ ಎಲ್ಲ ಕಾಗದದಲ್ಲೂ ಒಂದೇ ಥರ ಬರೆಸಿ, ಒಂದರಲ್ಲಿ 'ಲೋಕಲ್', ಇನ್ನೊಂದರಲ್ಲಿ 'ಮಿಕ್ಸ್' ಬೇಡ. ಪಿಟ್‌ಬುಲ್ ಥರದ ತಳಿಗಳಿಗೆ ಬ್ರಿಟನ್, ಜರ್ಮನಿ, ಯುಎಇ ಎಲ್ಲ ಕಡೆ ನಿಷೇಧ. ಯುಎಇ ಪಟ್ಟಿಯಲ್ಲಿ ರಾಟ್‌ವೀಲರ್, ಡಾಬರ್‌ಮನ್ ಕೂಡ ಇವೆ. ನಮ್ಮ ಕಡೆ ತೋಟದ ಮನೆಗೆ ಕಾವಲಿಗೆ ಅಂತ ಇವೇ ಎರಡನ್ನು ಜಾಸ್ತಿ ಸಾಕುತ್ತಾರೆ. ದುಬೈಗೆ ಹೊರಟವರು ಇದನ್ನು ಮೊದಲೇ ತಿಳಿದುಕೊಂಡಿರಬೇಕು.

ಮತ್ತೆ ಬೂಸ್ಟರ್, ಅಂದರೆ ಅವಧಿ ಮುಗಿಯುವ ಮುಂಚೆ ಹಾಕಿಸುವ ಮರು ಲಸಿಕೆ. ಟೈಟರ್ ಪರೀಕ್ಷೆ ಆದ ಮೇಲೆ ರೇಬೀಸ್ ಬೂಸ್ಟರ್ ಅವಧಿ ಒಂದು ದಿನ ದಾಟಿದರೂ ಯುರೋಪಿನ ಲೆಕ್ಕದಲ್ಲಿ ಸರಪಳಿ ಕಡಿದ ಹಾಗೆ. ಲಸಿಕೆ, 30 ದಿನ, ರಕ್ತ, ಎಲ್ಲ ಮೊದಲಿನಿಂದ. ತಪ್ಪದೆ ಹಾಕಿಸುತ್ತಾ ಬಂದರೆ ಅದೇ ಪರೀಕ್ಷೆ ನಾಯಿಯ ಜೀವಮಾನಪೂರ್ತಿ ನಡೆಯುತ್ತದೆ.

ಯಾವ ದೇಶ ಏನು ಕೇಳುತ್ತದೆ

ಯುರೋಪ್ ಒಕ್ಕೂಟ: ರಕ್ತ ತೆಗೆದ ದಿನದಿಂದ ಪೂರ್ತಿ ಮೂರು ತಿಂಗಳು ಕಾಯಬೇಕು. ಅಂದರೆ ಚಿಪ್ ಹಾಕಿದ ದಿನದಿಂದ ಕಮ್ಮಿ ಅಂದರೂ ನಾಲ್ಕು ತಿಂಗಳು, ಓಡಾಟ ಸೇರಿ ಐದು ಆರು. ಮುಂಗಾರು ಬಿತ್ತನೆ ಹೊತ್ತಿಗೆ ಚಿಪ್, ಲಸಿಕೆ ಆದರೆ ದೀಪಾವಳಿ ಹೊತ್ತಿಗೆ ಹೊರಡಬಹುದು. ಆಗ ನಮ್ಮಲ್ಲಿ ಬಿಸಿಲೂ ಇಳಿದಿರುತ್ತದೆ. ಹೊರಡುವ ಮುಂಚೆ ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಸಿಕ್ಕ 10 ದಿನದ ಒಳಗೆ ಯುರೋಪಿನ ನೆಲ ಮುಟ್ಟಿ ತಪಾಸಣೆ ಆಗಬೇಕು. ಪ್ರಾಣಿ ಮತ್ತು ಮಾಲೀಕರ ಪ್ರಯಾಣದ ನಡುವೆ 5 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. 'ನಾನು ಹೋಗಿ ಮನೆ ಹುಡುಕ್ತೀನಿ, ನಾಯಿ ಎರಡು ತಿಂಗಳು ಬಿಟ್ಟು ಬರಲಿ' ಅಂದರೆ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಹೋಗುತ್ತದೆ.

ಬ್ರಿಟನ್ ಕೂಡ ಹೆಚ್ಚುಕಡಿಮೆ ಹೀಗೇ, ಮೂರು ತಿಂಗಳು ಕಾಯಲೇಬೇಕು. ಎರಡು ವ್ಯತ್ಯಾಸ. ವಿಮಾನದಲ್ಲಿ ಸಾಕುಪ್ರಾಣಿ ಕಾರ್ಗೋ, ಅಂದರೆ ಸರಕು ಆಗಿಯೇ ಬರಬೇಕು, ಸೀಟಿನ ಕೆಳಗೆ ಇಟ್ಟುಕೊಂಡು ಇಳಿಯುವ ಹಾಗಿಲ್ಲ. ಜೊತೆಗೆ ನಾಯಿಗೆ ಲಾಡಿಹುಳದ ಔಷಧವನ್ನು ಡಾಕ್ಟರೇ ಕೊಟ್ಟು, ದಿನ ಮತ್ತು ಗಂಟೆ ಸಮೇತ ಬರೆದಿರಬೇಕು. ಅದು ಇಳಿಯುವ ಹೊತ್ತಿಗೆ 24 ಗಂಟೆ ಮೀರಿ 120 ಗಂಟೆ ಒಳಗೆ ಆಗಿರಬೇಕು. ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾ, ನಾರ್ವೆಗೂ ಈ ಔಷಧ ಬೇಕು. ಬೆಕ್ಕಿಗೆ ಬೇಡ.

ಅಮೆರಿಕದಲ್ಲಿ 2024ರ ಆಗಸ್ಟ್ 1ರಿಂದ ನಾಯಿಗಳ ನಿಯಮ ಬದಲಾಗಿದೆ. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ನಾಯಿಗೆ 6 ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಆನ್‌ಲೈನ್ ಅರ್ಜಿ ತುಂಬಿದ ರಸೀದಿ ಇರಬೇಕು. ಲಸಿಕೆ ಮತ್ತು ಚಿಪ್ ವಿವರದ ನಮೂನೆಗೆ ಸರ್ಕಾರಿ ಪಶುವೈದ್ಯರ ಮುದ್ರೆ ಬೇಕು. ಸಿಡಿಸಿ ನೋಂದಾಯಿಸಿದ ಪ್ರಾಣಿ ಕೇಂದ್ರದಲ್ಲಿ ಮೊದಲೇ ಜಾಗ ಕಾಯ್ದಿರಿಸಬೇಕು. ಅಂಥ ಕೇಂದ್ರ ಇರುವುದು ನ್ಯೂಯಾರ್ಕಿನ ಜೆಎಫ್‌ಕೆ, ಲಾಸ್ ಏಂಜಲೀಸ್, ಅಟ್ಲಾಂಟಾದಂಥ ಕೆಲವೇ ನಿಲ್ದಾಣಗಳಲ್ಲಿ. ನೀವು ಮೊದಲು ಇಳಿಯುವ ನಿಲ್ದಾಣ ಅದೇ ಆಗಿರಬೇಕು. ಟೈಟರ್ ಇಲ್ಲದೆ ಹೋದರೆ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದೇ. ಟೈಟರ್ ಇದ್ದರೆ ಅದು ತಪ್ಪುತ್ತದೆ, ಆದರೆ ರಕ್ತ ತೆಗೆದು ಕನಿಷ್ಠ 28 ದಿನ ಆಗಿರಬೇಕು. ಬೆಕ್ಕಿಗೆ ಸಿಡಿಸಿಯದ್ದು ಇಷ್ಟೆಲ್ಲ ಕಾಟ ಇಲ್ಲ, ರಾಜ್ಯಗಳ ನಿಯಮ ನೋಡಿಕೊಂಡರೆ ಸಾಕು.

ಅಮೆರಿಕದ್ದೇ ಇನ್ನೊಂದು ಸಂಗತಿ ರೈತ ಮನೆತನದವರು ಗಮನಿಸಬೇಕು. ನಮ್ಮಲ್ಲಿ ಕಾಲುಬಾಯಿ ಜ್ವರ ಇದೆ. ಹಾಗಾಗಿ ನಾಯಿಯ ಪಾದ, ಕೂದಲು, ಪಂಜರ ಯಾವುದರಲ್ಲೂ ಮಣ್ಣು, ಸಗಣಿ, ಹುಲ್ಲು ಇರಬಾರದು. ಪಂಜರದಲ್ಲಿ ಮೆತ್ತಗಿರಲಿ ಅಂತ ಭತ್ತದ ಹುಲ್ಲನ್ನೋ ಜೋಳದ ಸೊಪ್ಪೆಯನ್ನೋ ಹಾಸಬೇಡಿ. ಹಳೆ ಕೌದಿಯೂ ಬೇಡ, ತೊಳೆದ ಹತ್ತಿ ಬಟ್ಟೆ ಅಥವಾ ಹೀರುವ ಪ್ಯಾಡ್ ಸಾಕು. ಊರಿಂದ ಹೊರಡುವ ಮೊದಲು ಸ್ನಾನ ಮಾಡಿಸಿ, ಬೆರಳ ಸಂದಿನ ಉಣ್ಣಿಗಳನ್ನೂ ತೆಗೆಯಿರಿ.

ಯುಎಇಗೆ ಅಲ್ಲಿನ ಸಚಿವಾಲಯದ ಆಮದು ಪರವಾನಗಿ ಮೊದಲು, ಆನ್‌ಲೈನಿನಲ್ಲಿ ತೆಗೆಯಬೇಕು. ಒಬ್ಬರ ಹೆಸರಿನಲ್ಲಿ ಎರಡು ಪ್ರಾಣಿ. ಭಾರತದಿಂದ ಹೋಗುವವಕ್ಕೆ ಟೈಟರ್ ಬೇಕು, ದುಬೈಯಲ್ಲಿ ಇಳಿಯುವುದು ಕಾರ್ಗೋದಲ್ಲಿ. ಎಮಿರೇಟ್ಸ್ ವಿಮಾನದ ಒಳಗೆ ಸಾಕುನಾಯಿಗೆ ಜಾಗ ಇಲ್ಲ, ಆದರೆ ಪಾಕಿಸ್ತಾನದ ಕೆಲವು ಊರುಗಳ ದಾರಿಯಲ್ಲಿ ಬೇಟೆಗಿಡುಗಕ್ಕೆ ಇದೆ. ಅವರವರ ಊರಿನ ಅವರವರ ಮುದ್ದು!

ಕೆನಡಾ ಎಲ್ಲಕ್ಕಿಂತ ಸಲೀಸು. ಮರಿಯಲ್ಲದ, ಬೆಳೆದ ನಾಯಿ ನಿಮ್ಮ ಸ್ವಂತ ಸಾಕುನಾಯಿಯಾಗಿ ನಿಮ್ಮ ಜೊತೆ ಬರುತ್ತಿದ್ದರೆ ಸರಿಯಾದ ರೇಬೀಸ್ ಲಸಿಕೆ ಪತ್ರವೇ ಮುಖ್ಯ, ಟೈಟರ್ ಕೇಳುವುದಿಲ್ಲ. ಆಸ್ಟ್ರೇಲಿಯಾ ಎಲ್ಲಕ್ಕಿಂತ ಕಷ್ಟ. ಭಾರತದಿಂದ ನೇರ ಒಯ್ಯುವಂತೆಯೇ ಇಲ್ಲ. ಅವರು ಒಪ್ಪಿದ ಬೇರೆ ದೇಶದಲ್ಲಿ ತಿಂಗಳುಗಟ್ಟಲೆ ಇರಿಸಿ, ಅಲ್ಲಿನ ಪರೀಕ್ಷೆಗಳನ್ನು ಮುಗಿಸಿ, ಆಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್ಹ್ಯಾಮ್ ಕ್ವಾರಂಟೈನ್. ಉಣ್ಣಿಯಿಂದ ಹರಡುವ ಎರ್ಲಿಕಿಯಾ ರೋಗದ ಪರೀಕ್ಷೆಯೂ ಉಂಟು, ನಮ್ಮ ಕಡೆ ನಾಯಿಗಳಿಗೆ ಅದು ಸಾಮಾನ್ಯ. ಜಪಾನ್ ಎರಡು ಲಸಿಕೆ, ಟೈಟರ್ ಆದ ಮೇಲೆ 180 ದಿನ ಕಾಯಿಸುತ್ತದೆ, ಬರುವ 40 ದಿನ ಮೊದಲೇ ತಿಳಿಸಬೇಕು.

ಈ ನಿಯಮಗಳು ಬದಲಾಗುತ್ತಿರುತ್ತವೆ. ಚಿಪ್ ಹಾಕಿಸುವ ಮೊದಲು ಒಂದು ಸಲ, ಟಿಕೆಟ್ ತೆಗೆಯುವ ಮೊದಲು ಇನ್ನೊಂದು ಸಲ ಆ ದೇಶದ ಸರ್ಕಾರಿ ಜಾಲತಾಣ ನೋಡಿ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿ ನಂಬಬೇಡಿ.

ಪಂಜರ: ಅಳತೆ, ಬಡಗಿ, ಬಾಡಿಗೆ

ಚಿಕ್ಕ ನಾಯಿ, ಬೆಕ್ಕು ಇದ್ದವರು ಪುಣ್ಯವಂತರು. ಲುಫ್ತಾನ್ಸಾ, ಕೆಎಲ್‌ಎಂನಂಥ ಕಂಪನಿಗಳು ಬ್ಯಾಗಿನ ತೂಕವೂ ಸೇರಿ 8 ಕೆ.ಜಿ. ಒಳಗಿದ್ದರೆ ಸೀಟಿನ ಕೆಳಗೆ ಒಯ್ಯಲು ಬಿಡುತ್ತವೆ. ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತದೆ. ಹಾಗಾಗಿ ಮೊದಲು ಫೋನ್ ಮಾಡಿ ಪ್ರಾಣಿಗೆ ಜಾಗ ಇದೆಯಾ ಕೇಳಿ, ಆಮೇಲೆ ನಿಮ್ಮ ಟಿಕೆಟ್ ತೆಗೆಯಿರಿ. ಬೆಕ್ಕಿಗೆ ಎದೆಪಟ್ಟಿ ಹಾಕಿಯೇ ಇರಿ. ಭದ್ರತಾ ತಪಾಸಣೆಯಲ್ಲಿ ಬ್ಯಾಗಿನಿಂದ ಹೊರಗೆ ತೆಗೆಯಬೇಕಾಗುತ್ತದೆ. ಅಲ್ಲಿ ಕೈಜಾರಿತು ಅಂದರೆ ಹಿಡಿಯುವುದು ಯಾರು?

ದೊಡ್ಡ ನಾಯಿಗೆ ಪಂಜರ, ಅಂದರೆ ಕ್ರೇಟ್. ಇದರ ನಿಯಮ ಮಾಡಿರುವುದು ವಿಮಾನ ಕಂಪನಿಗಳ ಸಂಘ ಐಎಟಿಎ. ನಾಯಿಯನ್ನು ನಿಲ್ಲಿಸಿ ಟೇಪಿನಲ್ಲಿ ನಾಲ್ಕು ಅಳತೆ ತೆಗೆಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಒಂದು. ನೆಲದಿಂದ ಮುಂಗಾಲಿನ ಮೊಣಕೈವರೆಗೆ ಒಂದು. ಭುಜದ ಅಗಲ ಒಂದು. ನೆಲದಿಂದ ನೆತ್ತಿ ಅಥವಾ ಕಿವಿ ತುದಿ, ಯಾವುದು ಎತ್ತರವೋ ಅದು. ಪಂಜರದ ಉದ್ದ ಅಂದರೆ ಮೊದಲ ಅಳತೆಗೆ ಎರಡನೆಯದರ ಅರ್ಧ ಕೂಡಿಸಿದ್ದು. ಅಗಲ ಅಂದರೆ ಭುಜದ ಅಗಲದ ಎರಡರಷ್ಟು. ಎತ್ತರ ಅಂದರೆ ನಾಲ್ಕನೇ ಅಳತೆಗೆ ಹಾಸಿಗೆಯ ದಪ್ಪ ಕೂಡಿಸಿದ್ದು. ಚಪ್ಪಟೆ ಮೂಗಿನವಕ್ಕೆ ಇನ್ನೂ 10 ಪರ್ಸೆಂಟ್ ದೊಡ್ಡದು.

ಒಂದು ಗಂಡು ಮುಧೋಳ ನಾಯಿಯ ಲೆಕ್ಕ ಹಾಕೋಣ. ಉದ್ದ 90 ಸೆಂ.ಮೀ., ಮೊಣಕೈ 40, ಭುಜ 22, ನೆತ್ತಿ 85. ಪಂಜರ 110 ಉದ್ದ, 44 ಅಗಲ, ಹಾಸಿಗೆ ಸೇರಿ 90 ಎತ್ತರ ಆಗುತ್ತದೆ. ಕಾರ್ಗೋದಲ್ಲಿ ಬಾಡಿಗೆ ಹಾಕುವುದು ನಾಯಿಯ ತೂಕಕ್ಕೆ ಅಲ್ಲ. ಮೂರನ್ನೂ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದದ್ದು ನಿಜ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಾಡಿಗೆ. ಇಲ್ಲಿ ಬರುವುದು ಸುಮಾರು 73 ಕೆ.ಜಿ. ಅಷ್ಟು ಸಣಕಲು ನಾಯಿಗೆ! ಕಾಲು ಉದ್ದ ಇದ್ದದ್ದಕ್ಕೆ ದಂಡ.

ಈಗ ಅಂಗಡಿಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಪಂಜರ ನೋಡಿ. ಅದು ಹತ್ತಿರ ಹತ್ತಿರ 122, 81, 89. ಲೆಕ್ಕ ಹಾಕಿದರೆ 146 ಕೆ.ಜಿ. ದಾಟುತ್ತದೆ. ಇಷ್ಟಾದರೂ ಎತ್ತರ ಒಂದು ಸೆಂ.ಮೀ. ಕಮ್ಮಿ! ಮುಧೋಳದಂಥ ಎತ್ತರದ, ತೆಳ್ಳಗಿನ ನಾಯಿ ಇದ್ದವರು ಬಡಗಿಯ ಹತ್ತಿರ ಅಳತೆಗೆ ಮಾಡಿಸುವುದೇ ಲಾಭ. ತಿರುಗಿಕೊಳ್ಳಲು ಸಲೀಸಾಗಲಿ ಅಂತ ನಾಲ್ಕಾರು ಸೆಂ.ಮೀ. ಅಗಲ ಜಾಸ್ತಿ ಇಟ್ಟರೂ ಬಾಡಿಗೆ ಕಮ್ಮಿಯೇ ಬೀಳುತ್ತದೆ.

'ನಾಯಿಗೆ ಕಪಾಟು ಮಾಡಸ್ತೀರೇನ್ರೀ ಅಣ್ಣಾ?' ಅಂತ ಬಡಗಿ ನಗಬಹುದು. ನಗಲಿ, ಆದರೆ ಪ್ಲೈವುಡ್ಡಿನಲ್ಲೇ ಮಾಡಿಸಿ. ಗಟ್ಟಿ ಇರಲಿ ಅಂತ ಸಾಗುವಾನಿಯನ್ನೋ ಬೇವನ್ನೋ ಹಾಕಿದರೆ ಬೇರೆ ರಗಳೆ. ಕೊಯ್ದ ಹಸಿ ಮರದಲ್ಲಿ ಹುಳು ದೇಶ ದಾಟುತ್ತದೆ ಅಂತ, ಸಾಗಣೆಯ ಮರಕ್ಕೆ ಬಿಸಿ ಕೊಟ್ಟು ಐಎಸ್‌ಪಿಎಂ 15 ಮುದ್ರೆ ಹಾಕಿರಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ. ಪ್ಲೈವುಡ್ಡಿಗೆ ಅದು ಅನ್ವಯಿಸುವುದಿಲ್ಲ. ನಾಲ್ಕೂ ಕಡೆ ಗಾಳಿ ಕಿಂಡಿ ಬೇಕು, ಮೂಗು, ಪಂಜ ಹೊರಗೆ ಬರದಂತೆ ಜಾಲರಿ. ಒಳಗೆ ಮೊಳೆ ತುದಿ, ಚಕ್ಕೆ ಎದ್ದ ಅಂಚು ಇರಬಾರದು, ಕೈಯಾಡಿಸಿ ನೋಡಿ. ಬಾಗಿಲು ಗಟ್ಟಿ ಕಬ್ಬಿಣದ್ದು. ನೀರಿನ ಬಟ್ಟಲಿಗೆ ಬಾಗಿಲು ತೆರೆಯದೆ ಹೊರಗಿಂದಲೇ ನೀರು ಸುರಿಯುವಂತಿರಬೇಕು. ನೆಲ ಸೋರಬಾರದು. ಜೀವಂತ ಪ್ರಾಣಿ ಇದೆ ಅನ್ನುವ ಚೀಟಿ, ಮೇಲ್ಮುಖದ ಬಾಣದ ಗುರುತು ಹೊರಗೆ ಅಂಟಿಸಿ. ಮಾಡಿಸುವ ಮೊದಲು ನಕ್ಷೆ, ಅಳತೆಯನ್ನು ವಿಮಾನ ಕಂಪನಿಯ ಕಾರ್ಗೋದವರಿಗೆ ಕಳಿಸಿ ಒಪ್ಪಿಗೆ ತೆಗೆದುಕೊಳ್ಳಿ. ವಿಮಾನದ ಸರಕಿನ ಬಾಗಿಲಿಗಿಂತ ಪಂಜರ ಎತ್ತರವಾದರೆ ಕಷ್ಟ.

ಪಂಜರ ಮನೆಗೆ ಬಂದ ದಿನದಿಂದ ಅದನ್ನು ಪಡಸಾಲೆಯಲ್ಲೇ ಇಡಿ, ಬಾಗಿಲು ತೆಗೆದು. ಊಟ ಅದರೊಳಗೇ ಹಾಕಿ. ರೊಟ್ಟಿ ಹಾಲು ತಿನ್ನುವ ನಾಯಿಗೆ ರೊಟ್ಟಿ ಹಾಲನ್ನೇ ಹಾಕಿ. ತಾನಾಗಿ ಹೋಗಿ ಮಧ್ಯಾಹ್ನ ನಿದ್ದೆ ಮಾಡುವವರೆಗೂ ಬಾಗಿಲು ಹಾಕಬೇಡಿ. ಆಮೇಲೆ ಐದು ನಿಮಿಷ, ಅರ್ಧ ಗಂಟೆ, ಒಂದು ರಾತ್ರಿ ಅಂತ ಹೆಚ್ಚಿಸಿ. ಇದಕ್ಕೆ ವಾರಗಟ್ಟಲೆ ಬೇಕು. ಮೂರು ತಿಂಗಳು ಸುಮ್ನೆ ಕಾಯುತ್ತಿರುತ್ತೀರಲ್ಲ, ಆ ಹೊತ್ತು ಇದಕ್ಕೇ.

ನಿದ್ದೆ ಮಾತ್ರೆ ಮಾತ್ರ ಕೊಡಬೇಡಿ. ಮತ್ತೇರಿದ ಪ್ರಾಣಿಯ ರಕ್ತದೊತ್ತಡ, ಉಸಿರು ಎರಡೂ ಇಳಿಯುತ್ತವೆ. ಮೇಲೆ ಹಾರುವಾಗ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಜೋಲಿ ಹೊಡೆಯುವ ನಾಯಿಯನ್ನು ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ.

ಸರ್ಕಾರಿ ಮುದ್ರೆ ಮತ್ತು ನಿಲ್ದಾಣದ ದಾರಿ

ನಮ್ಮ ದೇಶದಿಂದ ಹೊರಡಲು ಕೇಂದ್ರ ಪಶುಸಂಗೋಪನಾ ಇಲಾಖೆಯ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಪತ್ರ ಬೇಕು. ಎಲ್ಲರೂ ಎಕ್ಯುಸಿಎಸ್ ಅಂತಲೇ ಕರೆಯುತ್ತಾರೆ. ಕಚೇರಿ ಇರುವುದು ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈ, ಬೆಂಗಳೂರು, ಹೈದರಾಬಾದಿನಂಥ ಕೆಲವೇ ನಗರಗಳಲ್ಲಿ. ಜಿಲ್ಲಾ ಪಶು ಆಸ್ಪತ್ರೆಯ ಪತ್ರ ಇದಕ್ಕೆ ಬದಲಿ ಅಲ್ಲ, ಇದರ ಜೊತೆಗೆ ಕೊಡುವ ಕಾಗದ ಅಷ್ಟೇ. ಕಾರ್ಡು, ಟೈಟರ್ ವರದಿ, ಡಾಕ್ಟರ ಆರೋಗ್ಯ ಪತ್ರ, ಪಾಸ್‌ಪೋರ್ಟ್, ವೀಸಾ, ಟಿಕೆಟ್, ಆಮದು ಪರವಾನಗಿ ಎಲ್ಲದರ ನಕಲು ಮೊದಲೇ ಕಳಿಸಿ, ದಿನ ಗೊತ್ತು ಮಾಡಿಕೊಂಡು, ನಾಯಿ ಸಮೇತ ಹೋಗಬೇಕು. ಪ್ರಯಾಣಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ ಇದು ಆಗಬೇಕು. ಸೋಮವಾರ ಬೆಳಗಿನ ವಿಮಾನ ತೆಗೆದುಕೊಂಡರೆ ಶನಿವಾರ, ಭಾನುವಾರದ ರಜೆ ನಡುವೆ ಬರುತ್ತದೆ. ವಾರದ ನಡುವಿನ ವಿಮಾನ ನೋಡಿ.

ಎಲ್ಲಿಂದ ಹಾರಬೇಕು? ರಾಯಚೂರು ಜಿಲ್ಲೆಯವರಿಗೆ ಹೈದರಾಬಾದೇ ಹತ್ತಿರ, ಸುಮಾರು 200 ಕಿ.ಮೀ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300, ಕೊಪ್ಪಳದಿಂದ ಸುಮಾರು 350. ರಕ್ತ, ಎಕ್ಯುಸಿಎಸ್, ವಿಮಾನ ಮೂರೂ ಒಂದೇ ಊರಲ್ಲಿ ಇಟ್ಟುಕೊಳ್ಳಿ.

ರೈಲಿನಲ್ಲಿ ನಾಯಿ ಒಯ್ಯಬೇಕಾದರೆ ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡ್ ಬ್ರೇಕ್‌ವ್ಯಾನಿನ ಡಬ್ಬಿ. ಗುಂತಕಲ್ ಕಡೆಯ ಸೆಕೆಯಲ್ಲಿ ಆ ಡಬ್ಬಿಗೆ ನಾಯಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಾರು ಮಾಡಿಕೊಂಡು ಸಂಜೆ ಹೊತ್ತು ಇಳಿದ ಮೇಲೆ ಹೊರಡಿ, ಪ್ರಯಾಣಕ್ಕೆ ಎರಡು ಮೂರು ದಿನ ಮೊದಲೇ. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ನಮ್ಮ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಆ ಕಾಲದಲ್ಲಿ ಕಂಪನಿಗಳೂ ಪ್ರಾಣಿ ಒಯ್ಯಲು ಹಿಂದೆಮುಂದೆ ನೋಡುತ್ತವೆ. ಬೇರೆ ದಾರಿ ಇಲ್ಲದಿದ್ದರೆ ರಾತ್ರಿ ವಿಮಾನವೇ ಇರಲಿ.

ಏಜೆಂಟ್ ಬೇಕಾ? ಬೆಕ್ಕನ್ನು ಸೀಟಿನ ಕೆಳಗೆ ಇಟ್ಟುಕೊಂಡು ಜರ್ಮನಿಗೆ ಹೋಗುವವರು ತಾವೇ ಮಾಡಿಕೊಳ್ಳಬಹುದು. ಬ್ರಿಟನ್, ದುಬೈಗೆ ಕಾರ್ಗೋ ಆದ್ದರಿಂದ ಏಜೆಂಟ್ ಇಲ್ಲದೆ ಕಷ್ಟ. ಮಾತಾಡುವಾಗ ಪಂಜರ, ಬಾಡಿಗೆ, ಕಾಗದ, ಆ ಕಡೆ ಬಿಡಿಸಿಕೊಳ್ಳುವ ಖರ್ಚು, ಒಂದೊಂದಕ್ಕೂ ಬೇರೆ ಬೇರೆ ಬರೆಸಿಕೊಳ್ಳಿ. 'ಎಲ್ಲಾ ಸೇರಿ ಇಷ್ಟು ಕೊಡ್ರೀ, ನಾವು ನೋಡ್ಕೊಂತೀವಿ' ಅಂದವರ ಹತ್ತಿರ ಹುಷಾರು. 'ಟೈಟರ್ ಇಲ್ದೇನೂ ಮಾಡಿಕೊಡ್ತೀವಿ' ಅಂದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ಕಾಗದದಲ್ಲಿ ಹೋದ ನಾಯಿಯನ್ನು ವಾಪಸ್ ಕಳಿಸಬಹುದು, ಕ್ವಾರಂಟೈನಿಗೆ ಹಾಕಬಹುದು. ಯುರೋಪಿನಲ್ಲಿ ಬೇರೆ ದಾರಿ ಕಾಣದಿದ್ದರೆ ಕೊಲ್ಲುವುದಕ್ಕೂ ಕಾನೂನಿದೆ.

ಹೊರಡುವ ದಿನ

ಹೊರಡುವ ನಾಲ್ಕೈದು ಗಂಟೆ ಮೊದಲು ಹಗುರ ಊಟ, ಆಮೇಲೆ ಬರೀ ನೀರು. ಬಟ್ಟಲಿನ ನೀರನ್ನು ಹಿಂದಿನ ರಾತ್ರಿಯೇ ಹೆಪ್ಪುಗಟ್ಟಿಸಿಕೊಂಡರೆ ಸಾಗಿಸುವಾಗ ಚೆಲ್ಲುವುದಿಲ್ಲ, ನಿಧಾನವಾಗಿ ಕರಗುತ್ತದೆ. ಪಂಜರಕ್ಕೆ ಹಾಕುವ ಮುಂಚೆ ಒಂದು ಸುತ್ತು ನಡೆಸಿ, ಮೂತ್ರ ಮಾಡಿಸಿ. ನಿಮ್ಮ ಮೈವಾಸನೆ ಇರುವ ಒಂದು ಹಳೆ ಬನಿಯನ್ ಒಳಗೆ ಹಾಕಿ. ಮೂಲ ಕಾಗದ ನಿಮ್ಮ ಕೈಯಲ್ಲಿ, ನಕಲು ಪ್ಲಾಸ್ಟಿಕ್ ಚೀಲದಲ್ಲಿ ಪಂಜರದ ಮೇಲೆ. ಯುರೋಪಿಗೆ ಹೋಗುವವರು ನಾಯಿಗೆ ಅಂತ ತುಪ್ಪ, ಪೇಡಾ, ಒಣ ಮಾಂಸ ಚೀಲದಲ್ಲಿ ಇಟ್ಟುಕೊಳ್ಳಬೇಡಿ. ಹಾಲು, ಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ.

ವಾಪಸ್ ಬರುವಾಗ

ಇಲ್ಲಿಗೆ ಬರುವ ನಾಯಿ, ಬೆಕ್ಕಿಗೂ ನಿಯಮ ಇದೆ. ಎರಡು ವರ್ಷ ಸತತವಾಗಿ ಹೊರಗಿದ್ದು ವಾಸ ಬದಲಿಸಿ ಬರುವವರು ಎರಡು ಸಾಕುಪ್ರಾಣಿಗಳನ್ನು ಸಾಮಾನಿನ ಜೊತೆ ತರಬಹುದು. ಎಕ್ಯುಸಿಎಸ್ ಕಚೇರಿ ಇರುವ ನಗರದ ನಿಲ್ದಾಣದಲ್ಲೇ ಇಳಿಯಬೇಕು, ಎಕ್ಯುಸಿಎಸ್‌ನ ನಿರಾಕ್ಷೇಪಣಾ ಪತ್ರ ಬರುವ ಮುಂಚೆಯೇ ಕೈಯಲ್ಲಿರಬೇಕು. ಆ ಎರಡು ವರ್ಷದ ಲೆಕ್ಕಕ್ಕೆ ಬರದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿಯ ಹಿಂದೆ ಓಡಬೇಕಾಗುತ್ತದೆ. ಹಬ್ಬಕ್ಕೆ, ತಂಗಿ ಮದುವೆಗೆ ಅಂತ ತಿಂಗಳ ಮಟ್ಟಿಗೆ ಬರುವಾಗ ನಾಯಿಯನ್ನೂ ತರುತ್ತೇನೆ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅಲ್ಲೇ ಒಂದು ಒಳ್ಳೆ ಬೋರ್ಡಿಂಗ್ ನೋಡಿ. ಹೊರಡುವಾಗ ಇಲ್ಲಿ ಕೊಟ್ಟ ರಫ್ತು ಪತ್ರದ ಮೂಲ ಪ್ರತಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಎಕ್ಯುಸಿಎಸ್ ಕಚೇರಿಯಲ್ಲಿ ಆ ಪತ್ರ ಕೈಗೆ ಬಂದಾಗಲೇ, 'ಸರ್, ಇದೇ ನಾಯಿ ವಾಪಸ್ ಬರೋವಾಗ ಏನೇನು ಬೇಕು?' ಅಂತ ಕೇಳಿ ಬರೆದುಕೊಂಡು ಬನ್ನಿ.